‘ಬತ್ತೆ’ ಅನ್ನಬೇಡಿ ಎಂದದ್ದು ನಾನು

ಕಿರಿಮಂಜೇಶ್ವರದ ಆ ಮನೆಯವರು ನನ್ನನ್ನು ಕರೆಸಿದ್ದು ಒಂದೇ ಕೆಲಸಕ್ಕೆ. ಅವರ ಮಗಳು ಹೆದ್ದಾರಿಗೆ ಹೋಗಿ ನಿಲ್ಲುವುದನ್ನು ಬಿಡಿಸಬೇಕಿತ್ತು. ಹದಿಮೂರು ವರ್ಷದ ಹುಡುಗಿ. ದಿನಕ್ಕೆ ನಾಲ್ಕೈದು ಸಲ ಮನೆಯವರ ಕಣ್ಣು ತಪ್ಪಿಸಿ ಹೊರಟು, ಟಾರು ಮುಗಿದು ಮರಳು ಶುರುವಾಗುವಲ್ಲಿ ಎರಡೂ ಪಾದ ಜೋಡಿಸಿ ನಿಂತುಬಿಡುತ್ತಿದ್ದಳು. ಮೀನಿನ ಲಾರಿಗಳು ಅವಳ ಲಂಗ ಹಾರಿಸಿಕೊಂಡು ಹೋಗುತ್ತಿದ್ದವು. ಅವಳು ಕದಲುತ್ತಿರಲಿಲ್ಲ. ಅದನ್ನು ನಾನು ಬಿಡಿಸಿದೆ. ಮೂರು ತಿಂಗಳಲ್ಲಿ ಪೂರ್ತಿ ಬಿಟ್ಟಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲಿನದನ್ನು ಹೇಳಿ ಮುಗಿಸಿದ ಮೇಲೆ ಇದನ್ನು ಹೇಳುವ ಮುಖ ನನಗೆ ಇರುವುದಿಲ್ಲ.

ನಾನು ಬ್ರಹ್ಮಾವರದವಳು. ತೊಂಬತ್ತೇಳರಲ್ಲಿ ಶಾಲೆಯೊಂದರ ಕೆಲಸ ಬಿಟ್ಟೆ. ಬಿಟ್ಟೆ ಎನ್ನುವುದು ಮರ್ಯಾದೆಗೆ ಆಡುವ ಮಾತು. ಮೂರನೇ ಕ್ಲಾಸಿನ ಮಗುವೊಂದನ್ನು ಬುದ್ಧಿ ಸಾಲದು ಎಂದು ವರ್ಷವಿಡೀ ಗೋಡೆಗೆ ಮುಖ ಮಾಡಿ ಕೂರಿಸಿದ್ದರು. ಅದಕ್ಕೆ ಮುಖ್ಯೋಪಾಧ್ಯಾಯರ ಹತ್ತಿರ ಜಗಳವಾಡಿ, ಹಾಜರಿ ಪುಸ್ತಕವನ್ನು ಅವರ ಮೇಜಿನ ಮೇಲೆ ಕುಕ್ಕಿ ಬಂದಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಈಗಲೂ. ಆಮೇಲೆ ದೂರದ ಊರಿಗೆ ಹೋಗಿ ಇಂಥ ಮಕ್ಕಳಿಗೆ ಕಲಿಸುವ ತರಬೇತಿ ಮುಗಿಸಿ ಬಂದೆ. ಮನೆಯ ಚಾವಡಿಯಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿದೆ. ಬೋರ್ಡು ಮಾತ್ರ ಹಾಕಲಿಲ್ಲ. ಹಾಕಿದ್ದರೆ ಯಾರೂ ಬರುತ್ತಿರಲಿಲ್ಲ.

ಬರುವವರು ಕದ್ದು ಬರುತ್ತಿದ್ದರು. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಟೈಲರ್ ಇದ್ದ. ಕೋಟದಿಂದ, ಕುಂದಾಪುರದಿಂದ, ಬೈಂದೂರಿನಿಂದ ಬಸ್ಸಿಳಿದ ಅಪ್ಪ ಅಮ್ಮಂದಿರು ಕೈಯಲ್ಲೊಂದು ರವಿಕೆ ಬಟ್ಟೆ ಹಿಡಿದುಕೊಂಡು, ಟೈಲರನ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು, ದಾರಿಯಲ್ಲಿ ಯಾರೂ ಇಲ್ಲ ಎಂದಾದ ಮೇಲೆ ನನ್ನ ಚಾವಡಿ ಹತ್ತುತ್ತಿದ್ದರು. ಆ ಟೈಲರನ ಕೈಗುಣ ಬೈಂದೂರಿನ ತನಕ ಪ್ರಸಿದ್ಧ ಎಂದು ಊರಲ್ಲಿ ಮಾತಾಯಿತು. ಅವನೂ ಅದನ್ನು ನಂಬಿಬಿಟ್ಟಿದ್ದ, ಪಾಪ.

ಎಲ್ಲರದೂ ಒಂದೇ ಪ್ರಶ್ನೆ. ‘ಯಾವ ಶಾಲಿಗ್ ಹಾಕ್ಕ್ ಟೀಚರ್ರೆ?’ ಮಗುವನ್ನು ಯಾವ ಶಾಲೆಗೆ ಹಾಕಬೇಕು, ಎಲ್ಲಿ ಬಿಡಬೇಕು, ಯಾರು ನೋಡಿಕೊಳ್ಳುತ್ತಾರೆ. ನಾನು ಕುರ್ಚಿಯಲ್ಲಿ ಕೂತು ಉತ್ತರ ಕೊಡುತ್ತಿರಲಿಲ್ಲ. ಒಂದು ದಿನ ನಿಮ್ಮ ಮನೆಗೆ ಬರುತ್ತೇನೆ, ಬೆಳಿಗ್ಗೆಯಿಂದ ಸಂಜೆ ತನಕ ಒಂದು ಮೂಲೆಯಲ್ಲಿ ಕೂತಿರುತ್ತೇನೆ, ನನಗಾಗಿ ಏನೂ ಮಾಡಬೇಡಿ, ನಾನಿಲ್ಲದ ಹಾಗೆ ಇರಿ, ಆಮೇಲೆ ಹೇಳುತ್ತೇನೆ ಎನ್ನುತ್ತಿದ್ದೆ. ಅದು ನನ್ನ ಪದ್ಧತಿ. ಮಗುವಿನ ಕಷ್ಟ ಮಗುವಿನಲ್ಲಿ ಅರ್ಧ ಇದ್ದರೆ ಮನೆಯಲ್ಲಿ ಅರ್ಧ ಇರುತ್ತದೆ ಎಂದು ನನಗೆ ಖಾತ್ರಿಯಿತ್ತು. ಎಷ್ಟೋ ಮನೆಗಳಲ್ಲಿ ಆ ಖಾತ್ರಿ ಸರಿಯೂ ಆಗಿತ್ತು.

ಹೊಸ ಶತಮಾನ ಬಂದು ಮೂರು ನಾಲ್ಕು ವರ್ಷವಾಗಿರಬೇಕು, ಆ ಗಂಡ ಹೆಂಡತಿ ಬಂದರು. ಗಂಡ ನಾಡದೋಣಿಯಲ್ಲಿ ಮೀನು ಹಿಡಿಯುವವನು, ಹೆಂಡತಿ ಬುಟ್ಟಿ ಹೊತ್ತು ಬೈಂದೂರಿನ ಪೇಟೆಯಲ್ಲಿ ಮಾರುವವಳು. ಅವರ ಕೈಯಲ್ಲಿ ರವಿಕೆ ಬಟ್ಟೆ ಇರಲಿಲ್ಲ. ನೆಟ್ಟಗೆ ಮೆಟ್ಟಿಲು ಹತ್ತಿ ಬಂದು ಕೂತರು. ಅದಕ್ಕೇ ನನಗೆ ಅವರು ಮೊದಲ ನೋಟಕ್ಕೆ ಇಷ್ಟವಾದರು.

‘ಘಟ್ಟದ್ ಮೇಲ್ ಒಂದ್ ಹಾಸ್ಟೆಲ್ ಶಾಲಿ ಇತ್ತಂಬ್ರ್,’ ಎಂದ ಗಂಡ. ‘ಅಲ್ಲ್ ಬಿಟ್ರೆ ಅವ್ರೇ ಕಾಣ್ಕಂತ್ರಂಬ್ರ್. ನೀವ್ ಹಾಕಿ ಅಂದ್ರೆ ಹಾಕ್ತೆ. ಬ್ಯಾಡ ಅಂದ್ರೆ ಇಲ್ಲೆ.’

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಆ ಹಾಸ್ಟೆಲನ್ನು ನಾನು ಒಮ್ಮೆ ನೋಡಿದ್ದೆ. ತಲೆ ಬೋಳಿಸಿದ ಮಕ್ಕಳು ಉದ್ದದ ಜಗಲಿಯಲ್ಲಿ ಸಾಲಾಗಿ ಕೂತಿದ್ದವು, ಯಾವುದೂ ಇನ್ನೊಂದರ ಮುಖ ನೋಡುತ್ತಿರಲಿಲ್ಲ, ಗೇಟಿಗೆ ಹಗಲಲ್ಲೂ ಬೀಗವಿತ್ತು. ಅಲ್ಲಿಗೆ ಹಾಕಿ ಎಂದು ಹೇಳಲು ನನಗೆ ಬಾಯಿ ಬರುವಂತಿರಲಿಲ್ಲ. ಆದರೆ ಹೆದ್ದಾರಿಯಲ್ಲಿ ನಿಲ್ಲಲಿ ಎಂದೂ ಹೇಳುವಂತಿರಲಿಲ್ಲ. ಮೂರು ತಿಂಗಳು ಕೊಡಿ, ಅಷ್ಟರಲ್ಲಿ ಬಿಡಿಸಲಾಗದಿದ್ದರೆ ನಾನೇ ಆ ಹಾಸ್ಟೆಲಿಗೆ ಕಾಗದ ಬರೆದುಕೊಡುತ್ತೇನೆ ಎಂದೆ. ಆಗ ಹೆಂಡತಿ ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟದಿಂದ ಆ ಮಗುವನ್ನು ಮನೆಯಲ್ಲೇ ಉಳಿಸುವುದು ನನ್ನ ಹಟವಾಯಿತು.

ಆ ಮನೆ ಹೆದ್ದಾರಿಗೂ ಕಡಲಿಗೂ ನಡುವೆ ಇತ್ತು. ಮೂಡುಬಾಗಿಲಿನಿಂದ ಹೊರಟರೆ ನೂರು ಹೆಜ್ಜೆಗೆ ರಸ್ತೆ. ಪಡುಬಾಗಿಲಿನಿಂದ ಹೊರಟರೆ ತೆಂಗಿನ ಮರಗಳು, ಬಲೆ ಒಣಗಿಸುವ ಜಾಗ, ಆಮೇಲೆ ದಂಡೆ. ಗಂಡನ ತಾಯಿ, ಎಪ್ಪತ್ತರ ಅಜ್ಜಿ, ಮನೆಯಲ್ಲೇ ಇರುತ್ತಿದ್ದಳು. ಹುಡುಗಿ ಚಾವಡಿಯ ನೆಲದಲ್ಲಿ ಕೂತು ಬಲೆಗೆ ಕಟ್ಟುವ ಬೆಂಡುಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಿಡುತ್ತಿದ್ದಳು. ಚೆಂದದ ಮಗು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಸ್ವಂತ ಮಾತು ಇರಲಿಲ್ಲ. ಯಾರು ಏನು ಹೇಳಿದರೂ ಅದರ ಕೊನೆಯ ಶಬ್ದ ಹಿಡಿದು ತಿರುಗಿ ಹೇಳುತ್ತಿದ್ದಳು. ‘ಚಾ ಕುಡಿತ್ಯಾ?’ ಎಂದರೆ ‘ಕುಡಿತ್ಯಾ.’ ‘ಎಂತ ಮಾಡ್ತಿದ್ದೆ ಮಗಾ?’ ಎಂದರೆ ‘ಮಗಾ.’ ಶಾಲೆಯವರು ಹದಿನೈದು ದಿನ ಇಟ್ಟುಕೊಂಡು ಇದೇ ಕಾರಣಕ್ಕೆ ಮನೆಗೆ ಕಳಿಸಿದ್ದರು, ಅಣಕಿಸುತ್ತಾಳೆ ಎಂದು.

ನಾನು ಮೂಲೆಯಲ್ಲಿ ಕೂತೆ. ಬೆಳಿಗ್ಗೆ ತಾಯಿ ಬುಟ್ಟಿ ಎತ್ತಿಕೊಂಡು ‘ಬತ್ತೆ ಮಗಾ’ ಎಂದು ಹೊರಟಳು. ಹುಡುಗಿ ಬೆಂಡು ಬಿಟ್ಟು ಎದ್ದು ರಸ್ತೆಗೆ ಹೋದಳು. ಅಜ್ಜಿ ಹಿಂದೆ ಓಡಿ ಎಳೆದುಕೊಂಡು ಬಂದಳು. ನೆರೆಮನೆಯ ಹೆಂಗಸು ತುರಿಮಣೆ ಕೇಳಿಕೊಂಡು ಬಂದವಳು ‘ಬತ್ತೆ ಹಾಂಗಾರೆ’ ಎಂದು ಹೋದಳು. ಹುಡುಗಿ ಮತ್ತೆ ರಸ್ತೆಗೆ. ಬಲೆಯ ವಿಚಾರಕ್ಕೆ ಬಂದ ಗಂಡಸೊಬ್ಬ ಎಲೆ ಅಡಿಕೆ ಹಾಕಿ ‘ಬತ್ತೆ ಅಮ್ಮಾ’ ಎಂದು ಎದ್ದ. ಹುಡುಗಿಯೂ ಎದ್ದಳು. ಆಗ ನನಗೊಂದು ವಿಷಯ ಹೊಳೆಯಿತು. ಎಲ್ಲ ಮಾತಿಗೂ ಮರುದನಿ ಕೊಡುವವಳು ಈ ಒಂದು ಮಾತಿಗೆ ಕೊಡುತ್ತಿರಲಿಲ್ಲ. ಇದನ್ನು ಕೇಳಿದರೆ ಬಾಯಿ ಮುಚ್ಚಿ, ಕಾಲು ತೆಗೆಯುತ್ತಿದ್ದಳು.

ನಮ್ಮ ಕಡೆ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲವಲ್ಲ. ಹೋಗುವಾಗ ಬರುತ್ತೇನೆ ಎನ್ನುತ್ತೇವೆ. ಹಾಲು ತರಲು ಹೊರಟವರೂ ಬತ್ತೆ, ಮುಂಬಯಿಗೆ ಹೊರಟವರೂ ಬತ್ತೆ. ಆ ಶಬ್ದದ ಒಳಗೆ ಬರುವ ಮಾತೇ ಇಲ್ಲ ಎಂಬುದು ನಮಗೆಲ್ಲ ಗೊತ್ತು. ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಶಬ್ದಕ್ಕೆ ಒಂದೇ ಅರ್ಥ. ಬರುತ್ತೇನೆ ಎಂದವರು ಬರಬೇಕು, ಬರುವವರನ್ನು ರಸ್ತೆಯಲ್ಲಿ ನಿಂತು ಎದುರುಗೊಳ್ಳಬೇಕು. ಹುಟ್ಟಿದ ಲಾಗಾಯ್ತು ಬಂದ ನೆಂಟರು, ಇಷ್ಟರು, ಅಗರಬತ್ತಿ ಮಾರುವವರು, ಮತ ಕೇಳುವವರು ಎಲ್ಲರೂ ಆ ಮಗುವಿಗೆ ಬತ್ತೆ ಎಂದು ಹೇಳಿ ಹೋಗಿದ್ದರು. ಒಬ್ಬರೂ ತಿರುಗಿ ಬಂದಿರಲಿಲ್ಲ. ಅವಳು ಎಲ್ಲರನ್ನೂ ಕಾಯುತ್ತಿದ್ದಳು.

ಇದು ಹೊಳೆದಾಗ ನನಗೆ ನನ್ನ ಬುದ್ಧಿಯ ಮೇಲೆಯೇ ಪ್ರೀತಿ ಉಕ್ಕಿತು, ಸುಳ್ಳೇಕೆ ಹೇಳಲಿ. ಆ ಖುಷಿಯಲ್ಲೇ ಸಂಜೆ ಎದ್ದು, ಚಪ್ಪಲಿ ಮೆಟ್ಟಿ, ‘ಬತ್ತೆ ಹಾಂಗಾರೆ’ ಎಂದು ಹೇಳಿ ಬಸ್ಸು ಹತ್ತಿದೆ. ಮರವಂತೆ ದಾಟುವಾಗ ಹೇಳಿದ್ದು ನೆನಪಾಗಿ ಹಣೆ ಚಚ್ಚಿಕೊಂಡೆ. ಪಕ್ಕದ ಸೀಟಿನವರು ಸೊಳ್ಳೆಯಾ ಎಂದು ಕೇಳಿದರು. ಎಂಟು ದಿನ ಬಿಟ್ಟು ಮತ್ತೆ ಹೋದಾಗ ಅವಳು ಬಸ್ಸು ನಿಲ್ಲುವಲ್ಲೇ ಇದ್ದಳು. ನಾನು ಇಳಿದದ್ದನ್ನು ನೋಡಿದಳು. ನಗಲಿಲ್ಲ, ಹತ್ತಿರ ಬರಲಿಲ್ಲ. ಕೆಲಸ ಮುಗಿದವರ ಹಾಗೆ ತಿರುಗಿ ನೆಟ್ಟಗೆ ಮನೆಗೆ ನಡೆದಳು.

‘ಎಂಟ್ ದಿವ್ಸದಿಂದ ನಿಮ್ಮನ್ನೇ ಕಾಯ್ತಾ ಇದ್ದಿತ್ ಹೆಣ್ಣ್,’ ಎಂದು ಅಜ್ಜಿ ನಕ್ಕಳು. ನಾವಿಬ್ಬರೂ ಕೂಡಿ ನಕ್ಕದ್ದು ಅದೇ ಮೊದಲು, ಅದೇ ಕೊನೆ.

ಗಂಡ, ಹೆಂಡತಿ, ಅಜ್ಜಿ ಮೂವರನ್ನೂ ಕೂರಿಸಿ ಹೇಳಿದೆ. ಇನ್ನು ಮೇಲೆ ಈ ಮನೆಯಲ್ಲಿ ಹೊರಡುವಾಗ ಯಾರೂ ಬತ್ತೆ ಅನ್ನಬಾರದು. ಹೋತೆ ಅನ್ನಬೇಕು. ಹೋಗುವುದು ನಿಜವಾದರೆ ಹೋಗುತ್ತೇನೆ ಎಂದೇ ಹೇಳಿ, ಅವಳು ಕಾಯುವುದನ್ನು ಬಿಡುತ್ತಾಳೆ. ಬಂದವರಿಗೂ ಹೇಳಿಸಿ. ಯಾರಾದರೂ ಹೊರಟರೆ ‘ಹೋಯ್ ಬಾ’ ಅನ್ನುತ್ತೀರಲ್ಲ, ಅದೂ ಬೇಡ. ಹೋಗಿ ಬಾ ಎಂದರೆ ಅವಳಿಗೆ ಗೊಂದಲ. ಬರೀ ‘ಹೋಗ್’ ಅನ್ನಿ.

ಗಂಡ ಹೆಂಡತಿ ಇಬ್ಬರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ಮಾತಾಡಿದಳು.

‘ಕಡಲಿಗ್ ಹೋಪ ಗಂಡ್ಸ್ ಇಪ್ಪ ಮನಿ ಅಮ್ಮಾ ಇದ್. ಆ ಶಬ್ದ ಇಲ್ಲ್ ಹೇಳುಕಾಗ.’

‘ಹೇಳಿದ್ರೆ ಎಂತ ಆತ್ತ್?’

‘ಎಂತ ಆತ್ತ್ ಅಂದೇಳಿ ಹೇಳುಕೂ ಆಗ.’

ನನಗೆ ಸಿಟ್ಟು ಬಂತು. ಇಂಥ ನಂಬಿಕೆಗಳು ಎಷ್ಟು ಮಕ್ಕಳನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿವೆ ಎಂಬುದನ್ನು ಕಂಡವಳು ನಾನು. ‘ಹೆಣ್ಣ್ ಲಾರಿ ಅಡಿಗ್ ಹೋದ್ ಮೇಲ್ ಯಾವ ಶಬ್ದ ಹೇಳ್ತ್ರಿ ಅಜ್ಜಿ?’ ಎಂದು ಕೇಳಿದೆ. ಆ ವಯಸ್ಸಿನವಳಿಗೆ ಹಾಗೆ ಕೇಳಬಾರದಿತ್ತು. ಅವಳು ಎದ್ದು ಹಿತ್ತಲಿಗೆ ಹೋದಳು. ಗಂಡ ಬಹಳ ಹೊತ್ತು ತನ್ನ ಅಂಗೈಯ ಹಗ್ಗದ ಗಾಯಗಳನ್ನು ನೋಡುತ್ತಾ ಕೂತಿದ್ದ. ಆಮೇಲೆ ಆಯ್ತು ಎಂದ. ಮಗಳ ಮುಂದೆ ಹೋಗಿ ನಿಂತು, ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು, ‘ಹೋತೆ’ ಎಂದ. ಸಣ್ಣ ದನಿಯಲ್ಲಿ, ಬೈಗುಳ ಹೇಳಿದವರ ಹಾಗೆ ಹೇಳಿದ. ಪಡುಬಾಗಿಲಿನಿಂದ ಇಳಿದು ಹೊರಟುಹೋದ. ಹುಡುಗಿ ಎದ್ದು ರಸ್ತೆಗೆ ಹೋಗಲಿಲ್ಲ. ಹೋದವನ ಬೆನ್ನನ್ನು ನೋಡಿದಳು, ತಿರುಗಿ ಬೆಂಡು ಜೋಡಿಸಿದಳು. ತಾಯಿ ನನ್ನ ಕೈ ಹಿಡಿದುಕೊಂಡು ಅತ್ತಳು. ಅಜ್ಜಿ ಅಂದು ಉಣ್ಣಲಿಲ್ಲವಂತೆ.

ವಾರ ವಾರಕ್ಕೆ ಹೋಗುತ್ತಿದ್ದೆ. ಹುಡುಗಿ ರಸ್ತೆಗೆ ಹೋಗುವುದು ನಾಲ್ಕರಿಂದ ಎರಡಕ್ಕೆ ಇಳಿಯಿತು, ಎರಡರಿಂದ ಒಂದಕ್ಕೆ. ಬೇರೆ ಯಾರೋ ಹಳೇ ಅಭ್ಯಾಸದಲ್ಲಿ ಬತ್ತೆ ಎಂದ ದಿನ ಮಾತ್ರ ಹೋಗುತ್ತಿದ್ದಳು. ಮೂರನೆಯ ತಿಂಗಳಿಗೆ ಅದೂ ನಿಂತಿತು. ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಹುಲ್ಲು ಹುಟ್ಟಿತ್ತು.

ಆದರೆ ಮನೆಯ ಗಾಳಿ ಬೇರೆಯಾಯಿತು. ಅದು ನನಗೆ ತಿಳಿಯಲಿಲ್ಲ ಎಂದಲ್ಲ, ತಿಳಿದದ್ದನ್ನು ತಿಳಿಯದ ಹಾಗೆ ಮಾಡಿದೆ. ಗಂಡ ದೋಣಿಗೆ ಹೊರಡುವಾಗ ಮೊದಲು ನಾಲ್ಕು ಜನ ಜೊತೆಯವರು ಅಂಗಳಕ್ಕೆ ಬಂದು ‘ಹ್ವಾಯ್’ ಎಂದು ಕರೆಯುತ್ತಿದ್ದರಂತೆ. ಈಗ ಯಾರೂ ಬರುತ್ತಿರಲಿಲ್ಲ. ಆ ಶಬ್ದ ತಮ್ಮ ಕಿವಿಗೆ ಬೀಳಬಾರದು ಎಂದು ದಂಡೆಯಲ್ಲೇ ಕಾಯುತ್ತಿದ್ದರು. ಅವನು ಒಬ್ಬನೇ ನಡೆದು ಹೋಗುತ್ತಿದ್ದ. ಅಜ್ಜಿ ಬೆಳಗಿನ ಗಂಜಿ ಮುಗಿಸಿದವಳೇ ಪಡುಬಾಗಿಲಿನಿಂದ ಇಳಿದು, ದಂಡೆಯ ಮರಳಿನಲ್ಲಿ ಕೂತು, ಮಧ್ಯಾಹ್ನ ದೋಣಿ ಬರುವ ತನಕ ಕಡಲು ನೋಡುತ್ತಿದ್ದಳು. ಮೊಮ್ಮಗಳು ಕಾಯುವುದನ್ನು ಬಿಟ್ಟಳು, ಅಜ್ಜಿ ಶುರು ಮಾಡಿದಳು. ನಾನು ಇದನ್ನು ತಮಾಷೆ ಮಾಡಿ ನಮ್ಮವರ ಹತ್ತಿರ ಹೇಳಿಕೊಂಡದ್ದೂ ಉಂಟು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ದಿನ ನಾನು ಹೋದಾಗ ಮಧ್ಯಾಹ್ನ ದಾಟಿ ಎರಡು ಗಂಟೆಯಾದರೂ ದೋಣಿ ಬಂದಿರಲಿಲ್ಲ. ಮನೆಯಲ್ಲಿ ಹುಡುಗಿಯ ಜೊತೆ ನೆರೆಮನೆಯವಳೊಬ್ಬಳೇ ಇದ್ದಳು. ಉಳಿದವರೆಲ್ಲ ದಂಡೆಯಲ್ಲಿ. ನಾನೂ ಹೋದೆ. ಹತ್ತಿಪ್ಪತ್ತು ಹೆಂಗಸರು ನಿಂತಿದ್ದರು. ನನ್ನನ್ನು ನೋಡಿ ಸ್ವಲ್ಪ ಸ್ವಲ್ಪವೇ ಸರಿದರು. ಕೊನೆಗೆ ನಾನು ಒಬ್ಬಳೇ ಒಂದು ಕಡೆ, ಅವರೆಲ್ಲ ಇನ್ನೊಂದು ಕಡೆ ಆಯಿತು. ನನಗೆ ಹೆದರಿಕೆಯಾಯಿತು. ದೇವರ ಮೇಲೆ ಅಷ್ಟೇನೂ ಭಾರ ಹಾಕದವಳು ಅಂದು ಮನಸ್ಸಿನಲ್ಲೇ ಎಷ್ಟು ದೇವರಿಗೆ ಕೈ ಮುಗಿದೆನೋ. ನಾಲ್ಕು ಗಂಟೆಗೆ ಇನ್ನೊಂದು ದೋಣಿ ಅವರದನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಎಂಜಿನ್ ಕೆಟ್ಟಿತ್ತು, ಅಷ್ಟೇ. ಅವನು ಮೊಣಕಾಲು ನೀರಿಗೆ ಇಳಿದು ನಡೆದು ಬಂದ.

ನನ್ನ ಹೆದರಿಕೆಯೆಲ್ಲ ಸಿಟ್ಟಾಯಿತು. ಅಜ್ಜಿಯ ಹತ್ತಿರ ಹೋಗಿ ‘ಬಂದ ಅಲ್ದಾ? ಈಗ ಎಂತ ಹೇಳ್ತ್ರಿ?’ ಎಂದೆ.

‘ಇವತ್ ಬಂದ,’ ಎಂದಳು ಅಜ್ಜಿ.

ಅವಳ ಕಣ್ಣು ಇನ್ನೂ ನೀರಿನ ಮೇಲೆಯೇ ಇತ್ತು. ಆ ದಿನದಿಂದ ಆ ಮನೆಯಲ್ಲಿ ಹೆದರಿಕೆ ಎಂದರೆ ಗಂಡನ ಜೀವದ ಹೆದರಿಕೆಯೇ ಆಗಿಹೋಯಿತು. ತಾಯಿ ಪೇಟೆಯಲ್ಲಿ ಮಾರುತ್ತಾ ಕೂತರೂ ಮೇಲಿನ ಮೋಡ ನೋಡುತ್ತಿದ್ದಳು. ನಾನು ಬ್ರಹ್ಮಾವರದಲ್ಲಿ ರೇಡಿಯೋದ ಹವಾಮಾನ ಕೇಳುವ ಅಭ್ಯಾಸ ಮಾಡಿಕೊಂಡೆ. ನಾವೆಲ್ಲ ಆ ಒಬ್ಬ ಮನುಷ್ಯನನ್ನು ಎಷ್ಟು ಕಾದೆವೆಂದರೆ, ಬೇರೆ ಯಾರನ್ನೂ ನೋಡಲು ನಮಗೆ ಕಣ್ಣು ಉಳಿಯಲಿಲ್ಲ.

ಹುಡುಗಿ ಮಾತು ಕಲಿತದ್ದು ಆ ಮೇಲೆ. ನಾನು ಅಲ್ಲೇ ಇದ್ದೆ. ಬೆಳಗಿನ ಹೊತ್ತು, ತಾಯಿ ಅಕ್ಕಿ ತೊಳೆಯುತ್ತಿದ್ದಳು. ಹುಡುಗಿ ಬೆಂಡುಗಳನ್ನು ಬುಟ್ಟಿಗೆ ಹಾಕಿಟ್ಟು, ಎದ್ದು, ಹಿತ್ತಲಿನ ಬಾಗಿಲಿಗೆ ಹೋಗಿ ನಿಂತು, ಯಾರೂ ಏನೂ ಹೇಳದೆ ಇರುವಾಗ, ತಾನಾಗಿಯೇ, ‘ಹೋತೆ’ ಎಂದಳು. ಬಚ್ಚಲಿಗೆ ಹೋಗಿ ಬಂದಳು. ಇನ್ನೊಬ್ಬರ ಮಾತಿನ ಬಾಲ ಹಿಡಿಯದೆ, ಹದಿಮೂರು ವರ್ಷದಲ್ಲಿ ಅವಳು ಆಡಿದ ಮೊದಲ ಸ್ವಂತ ಮಾತು. ತಾಯಿಯ ಕೈಯಿಂದ ಅಕ್ಕಿಯ ಪಾತ್ರೆ ಜಾರಿತು. ನಾನು ಚಪ್ಪಾಳೆ ತಟ್ಟಿದೆ. ಬೆಲ್ಲದ ಚೂರು ಕೊಡಿಸಿದೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಶಬ್ದ ಬರೆದು ಕೆಂಪು ಶಾಯಿಯಲ್ಲಿ ಗೆರೆ ಎಳೆದೆ.

ಅಂದೇ ನಾನು ಇನ್ನೊಂದು ಮಾತನ್ನೂ ಹೇಳಿದೆ. ತರಬೇತಿಯಲ್ಲಿ ನಮಗೆ ಕಲಿಸಿದ್ದು, ನಾನು ನೂರು ಮನೆಯಲ್ಲಿ ಹೇಳಿದ್ದು. ಮಗು ಮಾತಿನಲ್ಲಿ ಕೇಳಿದ್ದನ್ನು ಕೂಡಲೇ ನಡೆಸಿಕೊಡಿ, ಮಾತಿಗೆ ಬೆಲೆಯುಂಟು ಎಂದು ಅದಕ್ಕೆ ಗೊತ್ತಾಗಲಿ. ಇಲ್ಲಿಯ ಮಟ್ಟಿಗೆ ಅದರ ಅರ್ಥ ಇಷ್ಟು: ಅವಳು ಹೋತೆ ಎಂದರೆ ಬಿಡಿ. ತಡೆಯಬೇಡಿ. ಹಿಂದೆ ಓಡಬೇಡಿ. ಓಡಿದರೆ ಆ ಮಾತು ಅವಳ ಬಾಯಲ್ಲಿ ಸಾಯುತ್ತದೆ.

‘ರಸ್ತಿಗ್ ಹೋದ್ರೆ?’ ಎಂದು ತಾಯಿ ಕೇಳಿದಳು.

‘ರಸ್ತಿ ಬಿಟ್ಟಾಯ್ತಲ್ಲ,’ ಎಂದೆ.

ನಿಜಕ್ಕೂ ಬಿಟ್ಟಿದ್ದಳು. ಹೋತೆ ಎಂದು ಹೇಳಿ ಹಿತ್ತಲಿಗೆ ಹೋಗುತ್ತಿದ್ದಳು, ಬಾವಿಕಟ್ಟೆಗೆ, ನೆರೆಮನೆಯ ಅಂಗಳಕ್ಕೆ. ಐದು ನಿಮಿಷಕ್ಕೆ ತಿರುಗಿ ಬರುತ್ತಿದ್ದಳು. ಪ್ರತಿ ಸಲ ತಾಯಿ ‘ಹೋಗ್ ಮಗಾ’ ಎನ್ನುತ್ತಿದ್ದಳು, ಪ್ರತಿ ಸಲ ಬೆಲ್ಲ. ಕುಂದಾಪುರದಲ್ಲಿ ಶಿಕ್ಷಕರ ಒಂದು ಸಭೆಗೆ ನನ್ನನ್ನು ಕರೆದಾಗ ಈ ಕಥೆಯನ್ನೇ ಹೇಳಿದೆ. ಎಲ್ಲರೂ ಮೆಚ್ಚಿದರು. ಅಜ್ಜಿ ಒಬ್ಬಳು ಮೆಚ್ಚಲಿಲ್ಲ. ‘ಆ ಹೆಣ್ಣ್ ಬಾಗ್ಲಲ್ ನಿಂತ್ ಹಾಂಗ್ ಹೇಳುದ್ ಕೇಂಡ್ರೆ ನನ್ನ್ ಹೊಟ್ಟಿ ಒಳ್ಗೆ ಎಂತೋ ಆತ್ತ್’ ಎಂದಳು. ನಾನು ಅದಕ್ಕೂ ಬೈದೆ.

ನನ್ನ ಪುಸ್ತಕದಲ್ಲಿ ಇನ್ನೊಂದು ಸಾಲು ಇತ್ತು, ನನ್ನದೇ ಅಕ್ಷರ. ‘ಈಗ ಬೆಳಿಗ್ಗೆ ಪಡುಬಾಗಿಲಿನಲ್ಲಿ ನಿಂತು ತಂದೆ ಹೋಗುವುದನ್ನು ನೋಡುತ್ತಾಳೆ. ರಸ್ತೆಯಿಂದ ಗಮನ ಸರಿದಿದೆ.’ ಒಳ್ಳೆಯ ಬೆಳವಣಿಗೆ ಎಂದು ಬರೆದಿದ್ದೆ. ಆ ಶಬ್ದ ಹೇಳಿ ಹೊರಟ ಉಳಿದವರೆಲ್ಲ ಮೂಡಕ್ಕೆ ಹೋಗಿ ಬಸ್ಸಿನಲ್ಲಿ ಮಾಯವಾಗುತ್ತಿದ್ದರು. ತಂದೆ ಒಬ್ಬ ಮಾತ್ರ ಅವಳ ಕಣ್ಣೆದುರೇ ಮರಳು ದಾಟಿ, ನೀರಿಗೆ ಇಳಿದು, ಎದೆಮಟ್ಟದ ತನಕ ನಡೆದು ದೋಣಿ ಹತ್ತುತ್ತಿದ್ದ. ಹೋತೆ ಎಂದು ಹೇಳಿ ಮಾಡುವ ಕೆಲಸ ಯಾವುದು ಎಂದು ಅವಳು ದಿನಾ ನೋಡಿ ಕಲಿಯುತ್ತಿದ್ದಳು. ಇಡೀ ದಿನ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡುವ ಪದ್ಧತಿಯವಳು ನಾನು, ನನಗೆ ಇದು ಕಾಣಲಿಲ್ಲ.

ಮಳೆಗಾಲ ಕಳೆದ ಮೇಲಿನ ಒಂದು ದಿನ. ಕಡಲು ಶಾಂತವಾಗಿತ್ತಂತೆ. ಆದರೆ ಮಳೆಗಾಲದ ತೆರೆಗಳು ದಂಡೆಯನ್ನು ಕೊರೆದು, ನಾಲ್ಕು ಹೆಜ್ಜೆಗೇ ಆಳ ಮಾಡಿಟ್ಟಿದ್ದವು. ಅಜ್ಜಿ ಅಂದು ದಂಡೆಯಲ್ಲಿರಲಿಲ್ಲ. ಬಸ್ರೂರಿನಲ್ಲಿ ಅವಳ ಮಗಳ ಮನೆಯಲ್ಲಿ ಬಾಣಂತನ, ಎರಡು ದಿನಕ್ಕೆಂದು ಹೋಗಿದ್ದಳು. ತಾಯಿಗೆ ಸ್ವಲ್ಪ ಜ್ವರ, ಪೇಟೆಗೆ ಹೋಗದೆ ಮನೆಯಲ್ಲೇ ಕೂತು ಒಣಮೀನು ಆರಿಸುತ್ತಿದ್ದಳು. ಹತ್ತು ಗಂಟೆಯ ಹೊತ್ತಿಗೆ ಹುಡುಗಿ ಪಡುಬಾಗಿಲಿನಲ್ಲಿ ನಿಂತು ‘ಹೋತೆ’ ಎಂದಳು. ತಾಯಿ ತಲೆಯೆತ್ತಿ ನೋಡಿ ನಕ್ಕಳು. ‘ಹೋಗ್ ಮಗಾ’ ಎಂದಳು. ಬೆಲ್ಲವನ್ನು ಬಂದ ಮೇಲೆ ಕೊಡುವ ಎಂದುಕೊಂಡಳು. ಹಿಂದೆ ಹೋಗಲಿಲ್ಲ.

ಮಧ್ಯಾಹ್ನ ನನಗೆ ಫೋನು ಬಂತು. ಅವರ ಮನೆಯ ಹತ್ತಿರದ ಅಂಗಡಿಯವನು ಮಾಡಿದ್ದು. ಹೆಣ್ಣು ಕಾಣುತ್ತಿಲ್ಲ ಎಂದ. ಹೆದ್ದಾರಿಯಲ್ಲಿ ಎರಡೂ ಕಡೆ ಹುಡುಕುತ್ತಿದ್ದಾರೆ, ಬೈಂದೂರಿನ ತನಕ ಬೈಕು ಕಳಿಸಿದ್ದಾರೆ ಎಂದ. ಹೆದ್ದಾರಿಯಲ್ಲಿ ಹುಡುಕಬೇಡಿ, ಕಡಲ ಬದಿ ನೋಡಿ ಎಂದು ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ಹೊತ್ತಿಗೆ ಅವಳ ತಂದೆಯ ದೋಣಿ ದಂಡೆಗೆ ಬರುತ್ತಿತ್ತು. ದಿನಾ ಬರುವ ಹಾಗೆ ಹೊತ್ತಿಗೆ ಸರಿಯಾಗಿಯೇ ಬಂದ, ಅವನಿಗೆ ಏನೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಸಿಕ್ಕಿದಳು, ತೆಂಕು ಬದಿಯ ದಂಡೆ ಒಂದರಲ್ಲಿ. ನಾನು ಹೋದಾಗ ಎಲ್ಲ ಮುಗಿದಿತ್ತು. ಅಂಗಳದಲ್ಲಿ ನಿಂತಿದ್ದವರು ನನಗೆ ದಾರಿ ಬಿಟ್ಟರು. ಅಜ್ಜಿ ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡಿದ್ದೆ, ಹೊಡೆದರೆ ಒಳ್ಳೆಯದು ಎಂದೂ ಅನ್ನಿಸಿತ್ತು. ಅವಳು ಮಣೆ ಕೊಟ್ಟಳು. ‘ಕೂಕಣಿ’ ಎಂದಳು. ಅಷ್ಟು ತಿಂಗಳ ನಂತರ ನನ್ನ ಜೊತೆ ಅವಳು ಸಮಾಧಾನದಲ್ಲಿ ಆಡಿದ ಮಾತು ಅದು. ನಾನು ಕೂರಲಾರದೆ ನಿಂತೇ ಇದ್ದೆ.

ಆಮೇಲೆ ಒಂದು ವರ್ಷ ಚಾವಡಿಯ ಮೇಜನ್ನು ಒಳಗಿಟ್ಟೆ. ಮತ್ತೆ ಜನ ಬಂದರು, ಮತ್ತೆ ಹೊರಗೆ ಹಾಕಿದೆ. ಬರುವವರನ್ನು ಎಲ್ಲಿಗೆ ಕಳಿಸಲಿ. ಈಗ ಮಗುವನ್ನು ಮಾತ್ರ ಅಲ್ಲ, ಮಗು ಯಾರನ್ನು ನೋಡುತ್ತದೆ ಎಂಬುದನ್ನೂ ನೋಡುತ್ತೇನೆ. ಮೊದಲಿನಷ್ಟು ಬೈಯುವುದಿಲ್ಲ. ಮನೆಯ ಮುದುಕಿಯರು ಹೊಟ್ಟೆಯೊಳಗೆ ಏನೋ ಆಗುತ್ತದೆ ಎಂದರೆ ಪೆನ್ನು ತೆಗೆದು ಬರೆದುಕೊಳ್ಳುತ್ತೇನೆ. ಅವರ ಶಕುನವನ್ನು ನಾನು ಇವತ್ತಿಗೂ ನಂಬುವುದಿಲ್ಲ. ಆದರೆ ಅಜ್ಜಿ ಹೆದರಿದ್ದು ಸರಿಯಾಗಿತ್ತು, ನಾನು ಧೈರ್ಯವಾಗಿದ್ದದ್ದು ತಪ್ಪಾಗಿತ್ತು.

ತಾಯಿಯನ್ನು ಮತ್ತೆ ನೋಡಿದ್ದು ಆರೇಳು ವರ್ಷದ ನಂತರ. ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾಗಿ ಎಲ್ಲ ಕಡೆ ಕೆಂಪು ಧೂಳು. ನಾನು ಬಸ್ರೂರಿನಲ್ಲಿ ಒಂದು ಮನೆಗೆ ಹೋಗಿದ್ದವಳು ಹೆದ್ದಾರಿಗೆ ಬಂದು ಬಸ್ಸಿಗೆ ಕಾಯುತ್ತಿದ್ದೆ. ನಾದಿನಿಯ ಮನೆಗೆ ಬಂದಿದ್ದಳಂತೆ, ಅವಳೂ ಬುಟ್ಟಿ ಹೊತ್ತುಕೊಂಡು ಅಲ್ಲಿಗೇ ಬಂದಳು. ಕೂದಲು ನೆರೆತಿತ್ತು. ನನ್ನನ್ನು ಕಂಡು ಮುಖ ತಿರುಗಿಸಲಿಲ್ಲ. ಮೊಣಕಾಲು ನೋವಾ, ಸಣ್ಣ ಆಗಿದ್ದೀರಿ ಎಂದು ವಿಚಾರಿಸಿದಳು. ಗಂಡ ಕಡಲು ಬಿಟ್ಟು ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದಾನೆ, ಅತ್ತೆ ತೀರಿಕೊಂಡರು ಎಂದು ಹೇಳಿದಳು.

‘ಒಂದ್ ಕೇಂತೆ ಟೀಚರ್ರೆ, ಬೇಜಾರ್ ಮಾಡ್ಕಂಬೇಡಿ,’ ಎಂದಳು. ‘ಅವತ್ ನಾ ಬರೀ ಹೋಗ್ ಅಂದೆ. ಹೋಯ್ ಬಾ ಅಂದಿದ್ರೆ ಬತ್ತಿದ್ಳಾ?’

ಆರೇಳು ವರ್ಷ ಅವಳು ಈ ಒಂದು ಪ್ರಶ್ನೆಯನ್ನು ಇಟ್ಟುಕೊಂಡಿದ್ದಳು. ಅದರ ಉತ್ತರ ಜಗತ್ತಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ನನಗೆ ಗೊತ್ತಿತ್ತು. ಆ ಮಗುವಿಗೆ ಶಬ್ದಕ್ಕೆ ಒಂದೇ ಅರ್ಥ. ಬಾ ಎಂದಿದ್ದರೆ, ಬಾವಿಕಟ್ಟೆಯ ಹತ್ತಿರವೋ ತೆಂಗಿನ ಮರಗಳ ಹತ್ತಿರವೋ ಎಲ್ಲಿದ್ದರೂ ಅವಳು ತಿರುಗಿ ಬರುತ್ತಿದ್ದಳು, ಬಂದೇ ಬರುತ್ತಿದ್ದಳು. ಆ ಒಂದಕ್ಷರವನ್ನು ಈ ತಾಯಿಯ ಬಾಯಿಂದ ತೆಗೆದುಹಾಕಿದವಳು ನಾನು.

‘ಇಲ್ಲೆ,’ ಎಂದೆ. ‘ಬತ್ತಿರ್ಲಿಲ್ಲೆ. ನೀನ್ ಎಂತ ಹೇಳಿದ್ರೂ ಹೋತಿದ್ಳ್.’

ಅವಳು ದೊಡ್ಡದೊಂದು ಉಸಿರು ಬಿಟ್ಟಳು. ಮುಖ ಸ್ವಲ್ಪ ಸಡಿಲವಾಯಿತು.

‘ಎಲ್ಲರೂ ನನ್ನ್ ಸಮಾಧಾನ ಮಾಡುಕೆ ಹಾಂಗೇ ಹೇಳ್ತ್ರ್,’ ಎಂದಳು. ‘ನೀವ್ ಸುಳ್ಳ್ ಹೇಳುರಲ್ಲ. ಅದ್ಕೇ ನಿಮ್ಮತ್ರ ಕೇಣ್ಕ್ ಅಂದೇಳಿ ಇದ್ದಿತ್.’

ಅಷ್ಟು ಹೇಳಿ, ತಲೆಯ ಮೇಲಿನ ಖಾಲಿ ಬುಟ್ಟಿಯನ್ನು ಕೆಳಗಿಟ್ಟು, ನನ್ನ ಪಕ್ಕದಲ್ಲಿ ಕೂತಳು.